ಹಿಡಿದಿಟ್ಟ ಜಾಗ

ಕುರಾಹಾಮಾ
ಜುಲೈ ೯, ಮಂಗಳವಾರ

ಪ್ರೀತಿಯ ಇಕುಯೊ,

ನಿನ್ನೆಯಿಂದ ಮಳೆ ಬಿಡುವು ಕೊಟ್ಟಿದೆ. ಬಾಗಿಲ ಮುಂದಿನ ನೀಲಿ ಹೂವಿನ ಗಿಡ ಈ ವರ್ಷವೂ ಹೂಬಿಟ್ಟಿತು. ನಾನು ನೀರು ಹಾಕಿದ್ದಲ್ಲ, ಮಳೆಯೇ ಹಾಕಿದ್ದು. ನಿನ್ನ ಅಕ್ಕನ ಮಂಡಿನೋವು ಕಡಿಮೆಯಾಗಿದೆಯೆಂದು ದೋಣಿಗಟ್ಟೆಯ ಕೌಂಟರಿನಲ್ಲಿ ಕೇಳಿ ತಿಳಿದೆ. ನಮ್ಮ ಮಿಹೊ ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಟಿಕೆಟ್ ಕೊಡುವ ಹುಡುಗಿ ನಿಮ್ಮ ದ್ವೀಪದವಳಂತೆ. ನಾನು ದೋಣಿ ಹತ್ತಲು ಹೋದದ್ದಲ್ಲ. ಸುಮ್ಮನೆ ಆ ಕಡೆ ನಡೆದಿದ್ದೆ.

ನೀನು ಅಕ್ಕನ ಮನೆಗೆ ಹೋಗಿ ಮೂರು ವರ್ಷವಾಯಿತು. ಅಷ್ಟರಲ್ಲಿ ನಾನು ನಿನಗೆ ಕಳಿಸಿದ್ದು ಹೊಸವರ್ಷದ ಕಾರ್ಡುಗಳು ಮಾತ್ರ. ಅದರಲ್ಲೂ ಅಚ್ಚಾದ ಸಾಲಿನ ಕೆಳಗೆ ನನ್ನ ಹೆಸರು ಬಿಟ್ಟರೆ ಬೇರೇನಿಲ್ಲ. ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿಕೊಂಡಿದ್ದವನಿಗೆ ಬರೆಯುವ ಕೈ ಎಲ್ಲಿಂದ ಬರಬೇಕು. ದಿನಚರಿಯಲ್ಲಿ ಹವೆ ಹೇಗಿತ್ತು, ಪೆಲಿಕನ್ಸ್ ತಂಡದವರು ಗೆದ್ದರೋ ಸೋತರೋ, ಇಷ್ಟು ಬರೆದು ರೂಢಿ. ಸೋತರು ಎಂದು ಬರೆದು ಬರೆದು ಆ ಒಂದು ಪದ ಮಾತ್ರ ದುಂಡಗೆ ಬರುತ್ತದೆ.

ಇವತ್ತು ಬರೆಯುವುದಕ್ಕೂ ಪೆಲಿಕನ್ಸೇ ಕಾರಣ. ಬೇಸ್‌ಬಾಲ್ ಎಂದ ಕೂಡಲೇ ಪತ್ರ ಮಡಚಿಡಬೇಡ. ನೀನು ಮಡಚಿಡುವುದಿಲ್ಲ ಎಂಬ ಧೈರ್ಯ ನನಗೆ ಬಂದದ್ದು ನೀನು ಡಿಸೆಂಬರಿನಲ್ಲಿ ಕಳಿಸಿದ ಕಿತ್ತಳೆ ಪೆಟ್ಟಿಗೆಯಿಂದ. ಹಣ್ಣು ಜಜ್ಜದಿರಲೆಂದು ನಡುವೆ ತುರುಕಿದ್ದ ಹಳೆಯ ಪತ್ರಿಕೆಯ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಮೀನಿನ ಧಾರಣೆ, ಸಾವಿನ ಸುದ್ದಿ, ಜಾಹೀರಾತು ಎಲ್ಲ ಇತ್ತು. ಆಟದ ಪುಟ ಒಂದೂ ಇರಲಿಲ್ಲ. ನಿನ್ನ ಅಕ್ಕ ಆಟದ ಪುಟ ಎತ್ತಿಟ್ಟು ಓದುವವಳಲ್ಲ.

ಯಾಸುಎ-ಸಾನ್ ಅಂಗಡಿ ಹಾಗೇ ಇದೆ. ರಾತ್ರಿಯ ಊಟ ನನಗೆ ಹೆಚ್ಚಾಗಿ ಅಲ್ಲೇ, ಅವಳ ಕಾವಲಿಯ ಮೇಲೆ ಬೇಯುವ ಎಲೆಕೋಸಿನ ದಪ್ಪ ರೊಟ್ಟಿ. ಆದ್ದರಿಂದ ನನ್ನ ಊಟದ ಚಿಂತೆ ಬೇಡ. ಒರಿತೊ-ಸಾನ್ ಮೀನುಪೇಟೆಯ ಹರಾಜು ಕೂಗುವ ಕೆಲಸ ಬಿಟ್ಟ ಮೇಲೂ ಕೂಗುವುದನ್ನು ಬಿಟ್ಟಿಲ್ಲ. ಕ್ಷೌರದಂಗಡಿಯ ಕುಸಾಕಾ ಮಾತ್ರ ಅವನಿಗೆ ಎದುರಾಡುತ್ತಾನೆ. ಮೊದಲು ಎದುರಾಡುತ್ತಿದ್ದವಳು ನೀನು.

ಮಾರ್ಚ್ ಕೊನೆಯ ಶನಿವಾರ, ಎಂದಿನಂತೆ, ಭವಿಷ್ಯ ಬರೆಯುವ ಸಂಜೆ. ಲೀಗಿನ ಆರು ತಂಡಗಳಲ್ಲಿ ನಮ್ಮವರು ಈ ಸಲ ಎಷ್ಟನೆಯವರಾಗುತ್ತಾರೆ ಎಂದು ಒಬ್ಬೊಬ್ಬರೂ ಕಾಗದದ ಪಟ್ಟಿಯಲ್ಲಿ ಬರೆದು, ತಿಂಡಿಗಳ ಹೆಸರಿನ ಪಕ್ಕ ಗೋಡೆಗೆ ಅಂಟಿಸಬೇಕು. ಅಕ್ಟೋಬರಿನಲ್ಲಿ ಯಾರ ಮಾತು ಎಲ್ಲಕ್ಕಿಂತ ಸುಳ್ಳಾಗುತ್ತದೋ ಅವರು ವಾರವಿಡೀ ಕಾವಲಿ ಉಜ್ಜಬೇಕು. ನೀನು ಒಮ್ಮೆಯೂ ಉಜ್ಜಿದವಳಲ್ಲ. ಪ್ರತಿವರ್ಷ ‘ಆರು’ ಎಂದು ಬರೆದು, ಕೈ ಒರೆಸಿಕೊಂಡು, ‘ಈಗ ತಿನ್ನೋಣ’ ಎನ್ನುತ್ತಿದ್ದೆ. ನಾನು ಪ್ರತಿವರ್ಷ ‘ಒಂದು’ ಬರೆದು ಪ್ರತಿವರ್ಷ ಉಜ್ಜಿದವನು. ಅಪ್ಪ ಅಮ್ಮನ ನಡುವೆ ಮಿಹೊ ಯಾವಾಗಲೂ ‘ಮೂರು’. ‘ಮೂರು ಸಾಕಪ್ಪ, ಮೂರಾದ್ರೆ ಅಕ್ಟೋಬರ್‌ವರೆಗೂ ಆಟ ಇರತ್ತೆ’ ಎನ್ನುತ್ತಿದ್ದಳಲ್ಲ.

ಈ ಸಲ ಒರಿತೊ-ಸಾನ್ ಬಂದದ್ದೇ ಹರಾಜಿನ ದನಿಯಲ್ಲಿ ಶುರುಮಾಡಿದ. ‘ಎರಡನೇ ಸ್ಥಾನ! ಬರ್ಕೊಳ್ರಪ್ಪ. ಹೊಸ ಕೋಚು ಹುಡುಗ್ರನ್ನ ಹೆಂಗೆ ಓಡಿಸ್ತಿದಾನೆ ನೋಡಿದ್ರಾ?’

‘ಹೋದ ವರ್ಷಾನೂ ಎರಡು ಅಂದಿದ್ರಿ,’ ಎಂದ ಕುಸಾಕಾ. ‘ತಳದಿಂದ ಎರಡು ಅಂದಿದ್ರೂ ಸುಳ್ಳಾಗ್ತಿತ್ತು.’

‘ಹೋದ ವರ್ಷ ಪಿಚರ್‌ಗೆ ಭುಜ ಹೋಗಿತ್ತಲ್ಲೋ!’

‘ಅದರ ಹಿಂದಿನ ವರ್ಷ ಮೊಣಕೈ. ಅದರ ಹಿಂದೆ ಸೊಂಟ. ಎಲ್ಲಾ ಜೋಡಿಸಿದ್ರೆ ಆಸ್ಪತ್ರೇಲಿ ಒಬ್ಬ ಪೂರ್ತಿ ಪಿಚರ್ ಆಗ್ತಾನೆ, ಒರಿತೊ-ಸಾನ್. ಅವನನ್ನೇ ಆಡ್ಸಿ.’

‘ಬಾಯಿ ಮುಚ್ಕೊಂಡು ತಿನ್ರಿ ಇಬ್ರೂ. ಕಾವಲಿ ಮೇಲೆ ಉಗುಳು ಹಾರ್ತಿದೆ,’ ಎಂದು ಯಾಸುಎ-ಸಾನ್ ಸಟ್ಟುಗ ಬಡಿದಳು.

ಹೀಗೆ ಬೈದಾಡಿಕೊಂಡೇ ಕುಸಾಕಾ ಕೊನೆಗೆ ‘ನಾಲ್ಕು’ ಬರೆದ. ಯಾಸುಎ-ಸಾನ್ ಕೂಡ ‘ಎರಡು’ ಬರೆದಳು. ಹುಡುಗರು ಚೆನ್ನಾಗಿದ್ದಾರೆ ಎಂಬುದು ಎಲ್ಲರಿಗೂ ಕಂಡಿತ್ತು. ನನಗೂ ಕಂಡಿತ್ತು, ಇಕುಯೊ. ಬೇರೆಯವರಿಗಿಂತ ಮೊದಲೇ ಕಂಡಿತ್ತು. ಫೆಬ್ರವರಿಯ ಅಭ್ಯಾಸದ ಆಟಗಳಲ್ಲಿ ಆ ಹೊಸ ಹುಡುಗ ಎರಡನೇ ಬೇಸಿನ ಪಕ್ಕ ಚೆಂಡು ಹೆಕ್ಕುವ ರೀತಿ ನೋಡಿಯೇ, ಈ ವರ್ಷ ಇವರು ಗೆದ್ದುಬಿಡುತ್ತಾರೆ ಎಂದು ತಿಳಿದುಹೋಗಿತ್ತು.

ನಾನು ‘ಆರು’ ಎಂದು ಬರೆದೆ.

‘ಏನ್ರೀ ಇದು ಕಾನ್‌ಜಿ-ಸಾನ್? ಮೂವತ್ತು ವರ್ಷ ಒಂದು ಒಂದು ಅಂತ ಬಡ್ಕೊಂಡು, ತಂಡ ಕಣ್ಣು ಬಿಡೋ ಹೊತ್ತಿಗೆ ಆರಾ? ಅಪಶಕುನ!’ ಎಂದು ಒರಿತೊ-ಸಾನ್ ಎದ್ದುನಿಂತ. ಯಾಸುಎ-ಸಾನ್ ನನ್ನ ಮುಖ ನೋಡಲಿಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸುತ್ತ, ‘ಇಕುಯೊ-ಸಾನ್ ಬಂದು ಕೂತ್ಹಾಗಾಯ್ತು’ ಎಂದಳು, ಅಷ್ಟೆ. ನೀನು ಕೂರುತ್ತಿದ್ದ ಮೂಲೆಯ ಮೇಲೆಯೇ ಅಂಟಿಸಿದ್ದಾಳೆ.

ಯಾಕೆ ಬರೆದೆ ಎಂದು ಅವರು ಯಾರಿಗೂ ಹೇಳಿಲ್ಲ. ನಿನಗೆ ಹೇಳಬೇಕು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ಕಡೆ ಹೋಗಲು ನಿನಗೂ ಇಷ್ಟವಿರುವುದಿಲ್ಲ.

ಮಿಹೊ ತೀರಿಕೊಂಡ ಆ ಫೆಬ್ರವರಿ, ಕೊನೆಯ ವಾರ, ನೀನು ಬಟ್ಟೆ ತರಲು ಆಸ್ಪತ್ರೆಯಿಂದ ಮನೆಗೆ ಹೋಗಿದ್ದ ಹೊತ್ತು. ಅವಳು ಕಣ್ಣು ಬಿಟ್ಟು ಕಿಟಕಿಯ ಕಡೆ ನೋಡಿ, ‘ಶುರುವಿನ ಆಟಕ್ಕೆ ಬಂದ್ಬಿಡ್ತೀನಿ. ನಮ್ಮ ಜಾಗ ಹಿಡಿದಿಟ್ಟಿರು’ ಎಂದಳು. ನಾನು ಆಯಿತು ಎಂದೆ. ಮೈದಾನದ ಬಲಗಡೆಯ ಗ್ಯಾಲರಿಯಲ್ಲಿ ಸೀಟಿಗೆ ನಂಬರಿಲ್ಲ. ಬೇಗ ಹೋದವರು ಟವೆಲ್ ಹಾಸಿ, ಬರುವವರಿಗೆ ಜಾಗ ಹಿಡಿಯುವುದು. ಅವಳು ಕೆಲಸ ಮುಗಿಸಿ ಓಡಿಬರುವವರೆಗೆ ನಾನು ಹಿಡಿಯುತ್ತಿದ್ದೆನಲ್ಲ, ಹಾಗೇ.

ಆಮೇಲೆ ಶುರುವಿನ ಆಟದ ದಿನ ಬಂತು. ಅವಳ ನಲವತ್ತೊಂಬತ್ತನೆಯ ದಿನದ ಪೂಜೆ ಇನ್ನೂ ಆಗಿರಲಿಲ್ಲ. ಹೋದವರು ಅಷ್ಟು ದಿನ ಇಲ್ಲೇ ಎಲ್ಲೋ ಸುತ್ತುತ್ತಿರುತ್ತಾರೆ ಎಂದು ಗುರುಗಳು ಹೇಳಿದ್ದರು. ಹಾಗಿದ್ದರೆ ಅವಳು ಬಂದೇ ಬರುತ್ತಾಳೆ, ಬಂದು ನೋಡಿದರೆ ಜಾಗ ಇಲ್ಲ ಎಂದಾಗಬಾರದು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಅವಳ ಟವೆಲ್ ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಹೋದೆ. ಹಿಂದಿರುಗಿದಾಗ ನೀನು ದೀಪ ಹಾಕದೆ ಕೂತಿದ್ದೆ. ‘ನಿಮಗಾದ್ರೆ ಆಟ ಇದೆ’ ಎಂದೆ ನೀನು. ಅದಕ್ಕೆ ನಾನು ಏನೂ ಹೇಳಲಿಲ್ಲ. ಹೇಳಿದರೆ ಹುಚ್ಚನ ಮಾತಿನ ಹಾಗೆ ಕೇಳಿಸುತ್ತದೆ ಎನಿಸಿತು. ಮೇ ತಿಂಗಳಲ್ಲಿ ನೀನು ದೋಣಿ ಹತ್ತಿದೆ.

ಅಂದಿನಿಂದ ಊರಿನ ಪ್ರತಿಯೊಂದು ಆಟದಲ್ಲೂ ಆ ಟವೆಲ್ ನನ್ನ ಪಕ್ಕದ ಸೀಟಿನ ಮೇಲೆ ಇರುತ್ತದೆ. ಅವಳಿಗೆ ಇಷ್ಟವಾದ ಕ್ಯಾಚರ್ ನೊಜೆಯ ಹೆಸರು ಅಚ್ಚಾದದ್ದು. ನೊಜೆ ಆಟ ಬಿಟ್ಟು ಈಗ ತನ್ನ ಊರಲ್ಲಿ ಅಕ್ಕಿ ಬೆಳೆಯುತ್ತಾನಂತೆ. ಜಾಗ ನೋಡಿಕೊಳ್ಳುವ ಮುದುಕ ಮೊದಲೆರಡು ಸಲ, ‘ಯಾರಾದ್ರೂ ಬರೋರಿದಾರಾ?’ ಎಂದು ಕೇಳಿದ. ‘ದಾರೀಲಿದಾಳೆ’ ಎಂದೆ. ಆಟ ಮುಗಿಯುವವರೆಗೂ ಯಾರೂ ಬರದಿದ್ದುದನ್ನು ನೋಡಿರಬೇಕು, ಆಮೇಲೆ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಸೋಲುವ ತಂಡದ ಗ್ಯಾಲರಿಯಲ್ಲಿ ಜಾಗಕ್ಕೆ ಬರವೇ? ಸುತ್ತ ಹತ್ತು ಸೀಟು ಖಾಲಿ. ಅವುಗಳ ನಡುವೆ ಅವಳದೊಂದು ಖಾಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈಗ ನಿನಗೆ ತಿಳಿದಿರಬಹುದು. ನಮ್ಮವರು ಗೆದ್ದರೆ ಗ್ಯಾಲರಿ ತುಂಬುತ್ತದೆ. ಅದಕ್ಕೇ ‘ಆರು’.

ನಾನು ಬರೆದದ್ದನ್ನು ಹುಡುಗರು ಓದಲಿಲ್ಲವಲ್ಲ. ಏಪ್ರಿಲಿನಲ್ಲಿ ಗೆಲ್ಲಲು ಶುರುಮಾಡಿದರು. ಮೇ ಕೊನೆಗೆ ನಾಲ್ಕನೆಯವರು, ಜೂನಿನಲ್ಲಿ ಮೂರು. ದಾರಿಯುದ್ದಕ್ಕೂ ಬಾವುಟ ಕಟ್ಟಿದ್ದಾರೆ. ಯಾಸುಎ-ಸಾನ್ ಅಂಗಡಿಯಲ್ಲಿ ಕೂರಲು ಜಾಗವಿಲ್ಲ, ಯಾರ್ಯಾರೋ ಬರುತ್ತಾರೆ. ಒರಿತೊ-ಸಾನ್ ಗೋಡೆಯ ನನ್ನ ಪಟ್ಟಿ ತೋರಿಸಿ ಹೊಸಬರಿಗೆಲ್ಲ, ‘ನೋಡಿ, ಇವ್ರು ನಮ್ಮೂರಿನ ಶನಿ’ ಎಂದು ಪರಿಚಯ ಮಾಡಿಕೊಡುತ್ತಾನೆ. ‘ಈಗ್ಲಾದ್ರೂ ಹರಿದು ಹಾಕ್ರೀ, ಹೊಸದು ಬರೀರಿ, ಯಾರೂ ಏನೂ ಅನ್ನಲ್ಲ’ ಎಂದ ಒಂದು ದಿನ, ನಿಜವಾಗಿಯೂ ಬೇಡಿಕೊಳ್ಳುವ ದನಿಯಲ್ಲಿ. ನಾನು ಹರಿಯಲಿಲ್ಲ. ‘ಅಷ್ಟೊಂದು ಸೇಡು ಯಾಕ್ರೀ ಆ ಹುಡುಗ್ರ ಮೇಲೆ?’ ಎಂದು ಕುಸಾಕಾ ಕೂಡ ಕೇಳಿದ. ಆ ರಾತ್ರಿ ಅರ್ಧ ರೊಟ್ಟಿ ಬಿಟ್ಟು ಎದ್ದುಬಂದೆ. ಅಂದಿನಿಂದ ಆ ಕಡೆ ಹೋಗುವುದು ಸ್ವಲ್ಪ ಕಡಿಮೆಯಾಗಿದೆ. ಊಟದ ವಿಷಯ ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಮನೆಯಲ್ಲೇ ಏನಾದರೂ ಮಾಡಿಕೊಳ್ಳುತ್ತೇನೆ. ಮಾತಾಡಲು ರೇಡಿಯೊ ಇದೆ, ಅದು ಎದುರಾಡುವುದಿಲ್ಲ.

ಮೊನ್ನೆ ಭಾನುವಾರದ ಆಟ. ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಂತು ಜಾಗ ಹಿಡಿದೆ. ಆಟ ಶುರುವಾಗುವ ಹೊತ್ತಿಗೆ ಮೆಟ್ಟಿಲ ಮೇಲೂ ಜನ. ಒಬ್ಬ ದಪ್ಪ ಹುಡುಗ, ಇಪ್ಪತ್ತೈದಿರಬಹುದು, ಎರಡೂ ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು, ಬೆವರು ಸುರಿಸುತ್ತ ಸಾಲು ಸಾಲು ದಾಟಿ ಬಂದು ನನ್ನ ಮುಂದೆ ನಿಂತ. ‘ತಾತ, ಇಲ್ಲಿ ಯಾರಾದ್ರೂ ಇದಾರಾ?’ ಎಂದ.

ದಾರಿಯಲ್ಲಿದ್ದಾಳೆ ಎನ್ನಲು ಬಾಯಿ ತೆರೆದೆ. ಅವನು ಕೇಳಿದ್ದು ಬರುತ್ತಾರಾ ಎಂದಲ್ಲ, ಇದಾರಾ ಎಂದು. ಹಿಂದೆ ನಿಂತವರ ಕಾಲು ಅವನಿಗೆ ತಾಗುತ್ತಿತ್ತು. ಪೊಟ್ಟಣದಿಂದ ಸಾಸ್ ತೊಟ್ಟಿಕ್ಕುತ್ತಿತ್ತು.

‘ಇಲ್ಲ. ಯಾರೂ ಇಲ್ಲ,’ ಎಂದೆ.

ಈ ಮೂರು ವರ್ಷದಲ್ಲಿ ಆ ಮಾತನ್ನು ನನ್ನ ಬಾಯಿಂದ ನಾನೇ ಕೇಳಿರಲಿಲ್ಲ, ಇಕುಯೊ. ಶವಸಂಸ್ಕಾರದ ದಿನವೂ ನಾನು ಹೇಳಲಿಲ್ಲ, ಬಂದವರು ಹೇಳಿದ್ದಕ್ಕೆ ತಲೆ ಬಾಗಿಸಿದ್ದೆ ಅಷ್ಟೆ. ಟವೆಲ್ ಎತ್ತಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಹುಡುಗ ಒಳ್ಳೆಯವನು. ‘ತಗೊಳ್ಳಿ ತಾತ’ ಎಂದು ಕರಿದ ಕೋಳಿ ಕೊಟ್ಟ. ಏಳನೆಯ ಇನ್ನಿಂಗ್ಸಿನಲ್ಲಿ ನಮ್ಮವರು ಹೋಮ್ ರನ್ ಹೊಡೆದಾಗ ಎದ್ದುನಿಂತು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡುಬಿಟ್ಟ. ಎಷ್ಟು ದಿನವಾಗಿತ್ತೋ ಯಾರಾದರೂ ನನ್ನನ್ನು ಮುಟ್ಟಿ. ನಾನು ಅತ್ತೆ. ‘ಖುಷಿ ಆಗತ್ತಲ್ವಾ ತಾತ! ಎಷ್ಟ್ ವರ್ಷ ಕಾದಿದೀರೋ!’ ಎಂದು ಅವನು ಬೆನ್ನು ತಟ್ಟಿದ. ಹೌದು ಎಂದೆ.

ಬಸ್ಸಿಗೆ ನಿಂತಾಗ ಯಾರು ಎಷ್ಟರಿಂದ ಗೆದ್ದರು ಎಂದು ಎಷ್ಟು ನೆನೆದರೂ ಹೊಳೆಯಲಿಲ್ಲ. ದಿನಚರಿಯಲ್ಲಿ ಭಾನುವಾರದ ಮುಂದೆ ಹವೆ ಮಾತ್ರ ಬರೆದಿದ್ದೇನೆ. ಟವೆಲಿಗೆ ಸಾಸ್ ತಾಗಿತ್ತು. ಒಗೆಯಬೇಕಾಯಿತು. ಇಷ್ಟು ದಿನ ಒಗೆದಿರಲಿಲ್ಲ. ಈಗ ಅದು ಸೋಪಿನ ವಾಸನೆ ಬಿಟ್ಟರೆ ಬೇರೆ ಯಾವ ವಾಸನೆಯೂ ಇಲ್ಲದ ಟವೆಲ್.

ಜನ ಹೆಚ್ಚಾದ್ದರಿಂದ ಆಗಸ್ಟ್‌ನಿಂದ ಬಲಗಡೆಯ ಗ್ಯಾಲರಿಗೂ ಸೀಟಿನ ನಂಬರು ಬರುತ್ತದೆ. ಇನ್ನು ಟವೆಲ್ ಹಾಸಿ ಜಾಗ ಹಿಡಿಯುವ ಹಾಗಿಲ್ಲ. ನಿನ್ನೆ ಮೈದಾನದ ಕೌಂಟರಿಗೆ ಹೋಗಿ ಆಗಸ್ಟ್ ಹದಿನಾಲ್ಕರ ಸಂಜೆಯ ಆಟಕ್ಕೆ ಟಿಕೆಟ್ ತೆಗೆದುಕೊಂಡೆ. ನಿನ್ನದನ್ನು ಈ ಪತ್ರದೊಳಗೆ ಮಡಚಿ ಇಟ್ಟಿದ್ದೇನೆ.

ಅದು ಓಬೊನ್‌ನ ನಡುವಿನ ದಿನ ಎಂದು ನನಗೆ ಗೊತ್ತಿದೆ. ಹೋದವರು ಮನೆಗೆ ಬರುವ ದಿನಗಳಲ್ಲಿ ಮನೆಯಲ್ಲಿ ದೀಪ ಹಚ್ಚಿ ಕಾಯುವುದು ಬಿಟ್ಟು ಆಟಕ್ಕೆ ಕರೆಯುತ್ತಾನಲ್ಲ ಎಂದು ನೀನು ಮತ್ತೆ ಕೋಪಿಸಿಕೊಳ್ಳಬಹುದು. ದೀಪವನ್ನೂ ಹಚ್ಚೋಣ. ಹದಿಮೂರರ ಸಂಜೆಯೇ ಬಾ, ಇಬ್ಬರೂ ಸೇರಿ ಹಚ್ಚೋಣ. ಆದರೆ ಇಕುಯೊ, ಊರಿಗೆ ಬಂದ ಮಿಹೊ ಮೊದಲು ಯಾವ ಕಡೆ ಓಡುತ್ತಾಳೆ ಎಂದು ನಿನಗೂ ಗೊತ್ತು.

ತಂಡದ ಭವಿಷ್ಯ ಏನು ಎಂದು ಈಗ ನನ್ನನ್ನು ಕೇಳಿದರೆ ಹೇಳಲು ಬರುವುದಿಲ್ಲ. ಇವತ್ತಿನ ಪತ್ರಿಕೆಯಲ್ಲೂ ಮೂರನೆಯ ಸ್ಥಾನ. ಅದು ನನ್ನ ಅಂದಾಜೂ ಅಲ್ಲ, ನಿನ್ನದೂ ಅಲ್ಲ. ಹೀಗೇ ಮುಂದುವರಿದರೆ ಅಕ್ಟೋಬರಿನಲ್ಲಿ ಕಾವಲಿ ಉಜ್ಜಬೇಕಾದವನು ಮತ್ತೆ ನಾನೇ. ಒರಿತೊ-ಸಾನ್‌ಗೆ ಎದುರಾಡಲು ಯಾರಾದರೂ ಬೇಕು, ಕುಸಾಕಾನ ಕೈಲಿ ಪೂರ್ತಿ ಆಗುತ್ತಿಲ್ಲ.

ಬೇಸಗೆಯ ಬಿಸಿಲು ಜೋರಾಗುತ್ತಿದೆ, ಅಕ್ಕನಿಗೂ ನಿನಗೂ ಆರೋಗ್ಯ ಜೋಪಾನ.

ಇಂತು,
ಕಾನ್‌ಜಿ

ಮರೆತಿದ್ದೆ: ನಿನ್ನ ಟಿಕೆಟಿನ ಮೇಲೆ ಸೀಟಿನ ನಂಬರು ಹದಿನಾಲ್ಕು ಎಂದಿದೆ. ನನ್ನದು ಹನ್ನೆರಡು. ಕೌಂಟರಿನವರು ತಪ್ಪು ಮಾಡಿದರು ಎಂದುಕೊಳ್ಳಬೇಡ, ಹದಿಮೂರೂ ನನ್ನ ಜೇಬಿನಲ್ಲಿದೆ. ಮಿಹೊಳ ಟೋಪಿಯನ್ನು ನೀನು ಒಯ್ದಿರುವುದು ನನಗೆ ಆಗಲೇ ಗೊತ್ತಿತ್ತು. ಬರುವಾಗ ತಾ. ಆ ಸೀಟಿಗೆ ಹೊತ್ತು ಮುಳುಗುವವರೆಗೂ ಎದುರು ಬಿಸಿಲು.