ಕಾದಷ್ಟೂ ಗಟ್ಟಿ

ಸಹಧರ್ಮಿಣಿಗೆ ಆಶೀರ್ವಾದಪೂರ್ವಕವಾಗಿ ತಿಳಿಸುವುದೇನೆಂದರೆ, ದೈವಾನುಗ್ರಹದಿಂದ ಮಗಳ ಮನೆಯನ್ನು ಸುಖವಾಗಿ ತಲುಪಿದೆನು.

ನಮ್ಮನ್ನು ಕೇಳದೆ ಅವಳ ಕೈಹಿಡಿದ ಆ ಮಹಾನುಭಾವನು ತಾನಾಗಿ ಕ್ಷಮೆ ಬೇಡುವವರೆಗೆ ಅವನೊಡನೆ ಮಾತಾಡಕೂಡದೆಂಬ ನನ್ನ ಆರು ವರ್ಷದ ವ್ರತವನ್ನು ನೀನು ಬಲ್ಲೆ. ನಿನ್ನೆ ಮಗಳ ಬಲವಂತಕ್ಕೆ, ಬಾಯಿಗೆ ಬೀಗ ಹಾಕಿಕೊಂಡೇ ಅವನ ಕಾರ್ಖಾನೆಗೆ ಹೋದೆನು. ಉಕ್ಕು ಕೊರೆಯುವ ಡ್ರಿಲ್ಲಿನ ಮೊನೆಗೆ ಕೂದಲೆಳೆಗಿಂತ ತೆಳುವಾಗಿ ಹಚ್ಚಿದ ಪಿಂಗಾಣಿ ಜಾತಿಯ ಲೇಪವನ್ನು ತೋರಿಸಿ, "ಮಾವ, ಇದು ಕಾದಷ್ಟೂ ಗಟ್ಟಿಯಾಗುತ್ತೆ" ಎಂದನು.

ನಾನು ವ್ರತವನ್ನು ಮರೆತು, "ನಾನೂ ಆರು ವರ್ಷ ಕಾದು ಕಾದು ಗಟ್ಟಿಯಾಗಿದ್ದೀನಪ್ಪ" ಎಂದುಬಿಟ್ಟೆನು.

"ಅಯ್ಯೋ ಮಾವ, ಆ ಕಾಯೋದಲ್ಲ, ಬಿಸಿಯಾಗೋದು! ಉಕ್ಕು ಕೊರೆಯೋವಾಗ ಹುಟ್ಟೋ ಶಾಖಕ್ಕೇ ಗಟ್ಟಿಯಾಗುತ್ತೆ. ಅದೂ ಮಿತಿ ಮೀರಿ ಕಾದ್ರೆ ಮೆತ್ತಗಾಗಿಬಿಡುತ್ತೆ."

ನಲವತ್ತು ವರ್ಷ ಶ್ಲೇಷಾಲಂಕಾರವನ್ನು ಪಾಠ ಹೇಳಿದವನಿಗೆ ಡ್ರಿಲ್ಲು ತಿರುಗಿಸುವವನು ಪಾಠ ಹೇಳಿದನು.

ಮೊಣಕಾಲು ನೋವು ಇಳಿದಿದೆ. ಆದರೂ ಮೆಟ್ಟಿಲು ಹತ್ತುವಾಗ ಅಳಿಯದೇವರ ಭುಜವನ್ನು ಹಿಡಿಯುತ್ತೇನೆ. ನಾನು ಮೆತ್ತಗಾದೆನೆಂದು ಯಾರಿಗೂ ಹೇಳಬೇಡ. ಅಂಚೆಯವನು ಇದನ್ನು ಓದಿಕೊಂಡೇ ತಂದಿರುತ್ತಾನೆ. ಯಾರಿಗೂ ಹೇಳಬಾರದೆಂದು ಅವನಿಗೂ ಹೇಳು.

ಕಾರ್ಡಿನಲ್ಲಿ ಜಾಗ ತೀರಿತು.

ನಿನ್ನ ಯಜಮಾನ