ಭಾವನಿಗೆ ಹಾರಾಟದ ಪಾಠ

ಮಾರ್ಚ್ 3, ಭಾನುವಾರ

ಬೆಳಗ್ಗೆ ಗ್ಲೈಡರಿನ ರೆಕ್ಕೆ ಒರೆಸಿದೆ. ತುಂಬ ಸತ್ತ ಹುಳ. ಆಮೇಲೆ ಭಾವನ ಪಾಠ — ಅಕ್ಕನ ಗಂಡ ಅಲ್ಲದಿದ್ದರೆ ಮೊದಲ ದಿನವೇ ಕ್ಲಬ್ಬಿನಿಂದ ಓಡಿಸುತ್ತಿದ್ದೆ. ಎಂಜಿನ್ ಇಲ್ಲದ ವಿಮಾನ ತನ್ನ ಜಂಬದಿಂದಲೇ ಹಾರುತ್ತದೆ ಅಂದುಕೊಂಡಿದ್ದಾನೆ.

"ರೆಕ್ಕೆ ಮೇಲ್ಗಡೆ ಉಬ್ಬಿದೆ, ಮೇಲಿನ ಗಾಳಿಗೆ ದಾರಿ ಉದ್ದ. ಕೆಳಗಿನದರ ಜೊತೆ ಹೋಗಿ ಸೇರಬೇಕಲ್ಲ, ಅದಕ್ಕೇ ಜೋರಾಗಿ ಓಡುತ್ತೆ, ವಿಮಾನ ಮೇಲೇಳುತ್ತೆ. ನಾವೂ ಓದಿದೀವಮ್ಮ."

"ಎರಡೂ ಒಂದೇ ಬಸ್ ಹಿಡೀಬೇಕಾ ಭಾವ? ಸೇರಲೇಬೇಕು ಅಂತ ಗಾಳಿಗೆ ಯಾರೂ ಹೇಳಿಲ್ಲ. ರೆಕ್ಕೆ ಗಾಳೀನ ಕೆಳಕ್ಕೆ ತಳ್ಳುತ್ತೆ, ಗಾಳಿ ರೆಕ್ಕೇನ ಮೇಲಕ್ಕೆ ಎತ್ತುತ್ತೆ. ಅಷ್ಟೇ."

ನಕ್ಕ. ಆ ನಗು ಕಂಡರೆ ಮೈಯೆಲ್ಲ ಉರಿಯುತ್ತದೆ.

ಮಾರ್ಚ್ 10

ಮತ್ತೆ ಅದೇ. ಕೆಳಗಿಳಿಯುತ್ತಿದ್ದೇವೆ ಅನ್ನಿಸಿದ ಕೂಡಲೇ ವಿಮಾನದ ಮೂತಿ ಏರಿಳಿಸುವ ಸ್ಟಿಕ್ ಎದೆಗೆ ಎಳೆಯುತ್ತಾನೆ, ಮೂತಿ ಎತ್ತಿದರೆ ಮೇಲೇರುತ್ತೇವೆ ಅಂತ. ಅತಿಯಾಗಿ ಎತ್ತಿದರೆ ರೆಕ್ಕೆಯ ಬೆನ್ನಿಗೆ ಅಂಟಿಕೊಂಡ ಗಾಳಿ ಕಿತ್ತುಹೋಗುತ್ತದೆ. ಆಮೇಲೆ ಅದು ಬರೀ ಹಲಗೆ. ಆಗ ಮೂತಿ ಇಳಿಸಲೇಬೇಕು, ಬೀಳುತ್ತಿದ್ದರೂ. ಹೇಳಿ ಹೇಳಿ ಗಂಟಲು ಒಣಗಿತು. ಗೋಡೆಗೆ ಹೇಳಿದ್ದರೆ ವಾಸಿ.

ಮಾರ್ಚ್ 17

ಅಕ್ಕನ ಫೋನ್. "ಅವರನ್ನ ಒಬ್ಬರೇ ಹಾರೋಕೆ ನೀನೇ ಬಿಡ್ತಿಲ್ವಂತೆ. ಏನೇ ನಿಂಗೆ ಹೊಟ್ಟೆಕಿಚ್ಚು?"

"ಬಿದ್ದು ಹಾಳಾಗಿ ಹೋಗಲಿ ಬಿಡು!" ಅಂದುಬಿಟ್ಟೆ. ಫೋನ್ ಇಟ್ಟಳು.

ಸಂಜೆ ಕ್ಲಬ್ಬಿನ ದೊಡ್ಡ ಸಾಹೇಬರು ಅವನ ಒಂಟಿ ಹಾರಾಟಕ್ಕೆ ತಾವೇ ಒಪ್ಪಿಗೆ ಕೊಟ್ಟರು. "ನಿಮ್ಮ ಮನೆ ಜಗಳ ಮೈದಾನಕ್ಕೆ ತರಬೇಡಮ್ಮ." ಇವರ ಮುಖಕ್ಕಿಷ್ಟು...

ಮಾರ್ಚ್ 31

ಬರೆಯಲು ಕೈ ಏಳುತ್ತಿರಲಿಲ್ಲ.

ಕಳೆದ ಭಾನುವಾರ ಭಾವ ಒಬ್ಬನೇ ಹಾರಿದ. ವಾಪಸ್ ಬರುವಾಗ ಮೈದಾನ ದೂರ ಉಳಿಯಿತು, ಹೆದರಿದ, ಸ್ಟಿಕ್ ಎಳೆದ. ಇನ್ನೂ ಎತ್ತರವಿತ್ತು. ಬಚಾವಾಗಬಹುದಿತ್ತು. ರೇಡಿಯೋದಲ್ಲಿ ಕಿರುಚಿದೆ — "ಮೂತಿ ಇಳಿಸಿ ಭಾವ! ಇಳಿಸಿ!" ಮತ್ತಷ್ಟು ಎಳೆದ. ಎಡರೆಕ್ಕೆ ಕುಸಿಯಿತು, ಹಾಗೇ ತಿರುಗುತ್ತಾ ನೆಲಕ್ಕೆ ಬಂದ.

ಬದುಕಿದ್ದಾನೆ. ಕಾಲು ಆಡುತ್ತಿಲ್ಲ. ಡಾಕ್ಟರ್ ಬಾಯಿ ಬಿಡುತ್ತಿಲ್ಲ. ಮೂರ್ಖ, ಮೂರ್ಖ, ಮೂರ್ಖ.

ಏಪ್ರಿಲ್ 2

ಆಸ್ಪತ್ರೆಯ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತೆ. ಸರಿದು ಕೂತಳು.

"ಕೊನೇಲಿ ರೇಡಿಯೋದಲ್ಲಿ ಅವರಿಗೆ ಏನ್ ಹೇಳ್ದೆ?"

"ಮೂತಿ ಇಳಿಸಿ ಅಂದೆ."

ನನ್ನ ಕಡೆ ತಿರುಗಿದಳು. "ಬೀಳ್ತಿದ್ದೋರಿಗೆ... ಕೆಳಗೆ ಅಂದ್ಯಾ?"

ಅಂಗೈಯನ್ನೇ ರೆಕ್ಕೆಯ ಹಾಗೆ ಚಾಚಿ ತೋರಿಸಲು ಹೋದೆ. ಗಾಳಿ ಮತ್ತೆ ರೆಕ್ಕೆಗೆ ಅಂಟಬೇಕು ಅಂದರೆ, ಅಕ್ಕಾ, ಮೊದಲು —