ಟ್ರೇಯಲ್ಲಿದ್ದ ಹಾಳೆ

ಅಕ್ಕಾ,

ಕೈಬರಹ ನೋಡಿ ಗಾಬರಿಯಾಗಬೇಡ. ನನ್ನ ಮೇಲ್, ಮೆಸೇಜ್ ಎಲ್ಲವನ್ನೂ ಇವರು ಓದುತ್ತಾರೆ.

ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್, ಇವರ ಕಂಪ್ಯೂಟರಿನಲ್ಲಿ ವಿಂಡೋಸ್. ಇವರು ತಮ್ಮ ಕಂಪ್ಯೂಟರಿನ ಮೂಲಕವೇ ಎರಡಕ್ಕೂ ಒಂದೇ ಪ್ರಿಂಟರ್ ಹೊಂದಿಸಿಕೊಟ್ಟಾಗ ಎಂಥ ಒಳ್ಳೆ ಗಂಡ ಎಂದು ನೀನೇ ಹೊಗಳಿದ್ದೆ. ಇವತ್ತು ಬೆಳಿಗ್ಗೆ ಹೊಸ ಮನೆಯ ಬಾಡಿಗೆ ಕರಾರನ್ನು ಫೈಲಾಗಿ ಉಳಿಸಲು ಹೋಗಿ ಪ್ರಿಂಟ್ ಒತ್ತಿಬಿಟ್ಟೆ. ಅದರಲ್ಲಿರುವುದು ನನ್ನ ಮತ್ತು ಮಗಳ ಹೆಸರು ಮಾತ್ರ. ನನ್ನ ಕಡೆ ಅಳಿಸಿದೆ. ಆದರೆ ಅದು ಆಗಲೇ ಇವರ ಕಂಪ್ಯೂಟರ್ ಸೇರಿ ಪ್ರಿಂಟಿನ ಸರದಿಯಲ್ಲಿ ಕೂತಿದೆ, ಆ ಕಂಪ್ಯೂಟರಿನ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಪುಣ್ಯಕ್ಕೆ ಪ್ರಿಂಟರ್ ಆಫ್ ಆಗಿತ್ತು. ಟ್ರೇಯಲ್ಲಿದ್ದ ಹಾಳೆಯನ್ನೆಲ್ಲ ತೆಗೆದು ಮಗಳ ಹಾಸಿಗೆಯಡಿ ಬಚ್ಚಿಟ್ಟೆ.

ಆಮೇಲೆ ಇವರು ಏನೋ ಪ್ರಿಂಟ್ ತೆಗೆಯಲು ಬಂದು ಪ್ರಿಂಟರ್ ಆನ್ ಮಾಡಿದರು. "ಹಾಳೆಯೆಲ್ಲ ಎಲ್ಲಿ ಹೋಯ್ತೇ?" ಎಂದರು.

"ಮಗಳು ಚಿತ್ರ ಬಿಡಿಸಿ ಖಾಲಿ ಮಾಡಿದ್ಳು," ಎಂದೆ.

ನಕ್ಕರು. ನನ್ನ ಕೈ ಮುರಿದ ದಿನವೂ ಮೊದಲು ಹೀಗೇ ನಕ್ಕಿದ್ದರು.

ಈಗ ಹಾಳೆ ತರಲು ಹೋಗಿದ್ದಾರೆ. ಅಂಗಡಿ ತಿರುವಿನಲ್ಲೇ ಇದೆ. ಟ್ರೇಗೆ ಹಾಳೆ ಹಾಕಿದ ತಕ್ಷಣ ಆ ಕರಾರು ಹೊರಗೆ ಬರುತ್ತದೆ.

ಬಚ್ಚಿಟ್ಟ ಹಾಳೆಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಪಕ್ಕದ ಮನೆಯ ದರ್ಜಿಯಮ್ಮ ಸಂಜೆ ನಿನಗೆ ತಲುಪಿಸುತ್ತಾರೆ. ಮಗಳಿಗೆ ಚಪ್ಪಲಿ ಹಾಕಿಸಿಯಾಯಿತು. ನೀನು ಇದನ್ನು ಓದುವ ಹೊತ್ತಿಗೆ ನಾವಿಬ್ಬರೂ ನಿನ್ನ ಮನೆಯಲ್ಲಿರಬೇಕು.

ಇಲ್ಲದಿದ್ದರೆ ಫೋನ್ ಮಾಡಬೇಡ. ಭಾವನನ್ನು ಕರೆದುಕೊಂಡು ಬಾ.

ನಿನ್ನ ತಂಗಿ